ನಂಗಲಿ ದಾರಿಯಲ್ಲಿ ಮರಳಿನ ಪಾಠ

ಬೆಂಗಳೂರಿನಿಂದ ಪೂರ್ವಕ್ಕೆ ಹೊರಟ ಹೆದ್ದಾರಿ ಹೊಸಕೋಟೆ, ಕೋಲಾರಗಳನ್ನು ದಾಟಿ, ಮುಳಬಾಗಿಲಿನ ಬಂಡೆಬೆಟ್ಟಗಳ ಮಗ್ಗುಲಲ್ಲಿ ಹಾದು, ರಾಜ್ಯದ ಗಡಿ ಮುಟ್ಟುವ ಮುನ್ನ ಕಾಣುವ ಕೊನೆಯ ದೊಡ್ಡ ಊರು ನಂಗಲಿ. ಮುಂದೆ ಆಂಧ್ರಪ್ರದೇಶದ ಪಲಮನೇರು. ಅಲ್ಲಿಂದ ಮೊಗಿಲಿ ಘಾಟಿ ಇಳಿದರೆ ಚಿತ್ತೂರು. ನಂಗಲಿಯ ಅಂಗಡಿ ಬೀದಿಯಲ್ಲಿ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ತೆಲುಗಿನಲ್ಲಿ ಉತ್ತರ ಬಂದರೆ ಯಾರಿಗೂ ಅದು ವಿಚಿತ್ರವೆನಿಸುವುದಿಲ್ಲ. ಗಡಿಯೂರಿನ ನಾಲಿಗೆಗೆ ಎರಡೂ ಒಗ್ಗಿವೆ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಹೆಸರು ಹೊಸದಲ್ಲ. 12ನೇ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ರಾಜ್ಯಕ್ಕೆ ಪೂರ್ವದ ಎಲ್ಲೆಯೆಂದು ಶಾಸನಗಳು ಹೇಳುವುದು ಇದೇ ನಂಗಲಿಯ ಘಟ್ಟವನ್ನು. ಹೊಯ್ಸಳರ ಬಿರುದುಗಳಲ್ಲಿ ತಲಕಾಡು, ಕೊಂಗು, ನಂಗಲಿ ಎಂಬ ಹೆಸರುಗಳು ಒಟ್ಟೊಟ್ಟಿಗೆ ಬರುತ್ತವೆ. ಪಕ್ಕದ ಮುಳಬಾಗಿಲೂ ‘ಮೂಡಣ ಬಾಗಿಲು’ ಎಂಬುದರಿಂದ ಬಂದ ಹೆಸರೇ. ಅಂದರೆ ಈ ಸೀಮೆ ಹಿಂದಿನಿಂದಲೂ ಕನ್ನಡ ನಾಡಿನ ಪೂರ್ವದ ಹೊಸ್ತಿಲು.

ಅಂದು ಸೈನ್ಯ ಸಾಗಿದ ದಾರಿಯಲ್ಲಿ ಇಂದು ಲಾರಿಗಳು ಸಾಗುತ್ತಿವೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ತೆರಿಗೆ ತನಿಖೆಗಾಗಿ ಗಡಿಯಲ್ಲಿ ಸಾಲುಗಟ್ಟಿ ನಿಲ್ಲುವ ಕಾಟ ತಪ್ಪಿದೆ. ಅಕ್ಕಿ, ಸಿಮೆಂಟು, ಕಾರಿನ ಬಿಡಿಭಾಗ, ಟೊಮೆಟೊ, ಮಾವು ಎಲ್ಲವೂ ಈ ದಾರಿಯಲ್ಲಿ ಹೋಗುತ್ತವೆ, ಬರುತ್ತವೆ. ತಾರ್ಪಾಲು ಹೊದ್ದ ಲಾರಿಗಳಲ್ಲಿ ಕೆಲವೊಮ್ಮೆ ಮರಳೂ ಇರುತ್ತದೆ. ಆ ಮರಳಿನ ಕಥೆಯನ್ನು ಕೊಂಚ ನಿಂತು ಕೇಳಬೇಕು.

ದೂರದಿಂದ ಮರಳು ಏಕೆ?

ನೆಲ್ಲೂರು ಸೀಮೆಯ ಗೂಡೂರು, ಚಿಲ್ಲಕೂರು ಸುತ್ತ ಸಮುದ್ರಕ್ಕೆ ಸಮೀಪದ ನೆಲದಲ್ಲಿ ಬಿಳಿಯ ಸಿಲಿಕಾ ಮರಳು ಸಿಗುತ್ತದೆ. ಗಾಜಿನ ಕಾರ್ಖಾನೆಗೂ ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಗೂ ಇದು ಬೇಕು. ಆ ಕಡೆಯಿಂದ ಬೆಂಗಳೂರಿಗೆ ಹತ್ತಿ ಬರುವ ದಾರಿಗಳಲ್ಲಿ ನಂಗಲಿಯದೂ ಒಂದು. ಮನೆ ಕಟ್ಟುವ ಮರಳು ಸಾಲದೇ ಎಂದು ಕೇಳಬಹುದು. ಸಾಲದು. ಕಾದ ಕಬ್ಬಿಣವನ್ನು ಅಚ್ಚಿಗೆ ಹೊಯ್ಯುವಾಗ ಅದರ ಬಿಸಿ 1400 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಉಕ್ಕಾದರೆ ಇನ್ನೂ ಹೆಚ್ಚು. ಶುದ್ಧ ಸಿಲಿಕಾ ಕರಗಲು ಸುಮಾರು 1700 ಡಿಗ್ರಿ ಬೇಕು. ಆದ್ದರಿಂದ ಅದು ಆ ಬಿಸಿಗೆ ಎದೆಯೊಡ್ಡಿ ನಿಲ್ಲುತ್ತದೆ. ಬೇರೆ ಖನಿಜಗಳು ಹೆಚ್ಚಾಗಿ ಬೆರೆತ ಮರಳು ಅಷ್ಟು ಬಿಸಿಯಲ್ಲಿ ಮೆತ್ತಗಾಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ.

ನಮ್ಮ ಬಾಳಿನಲ್ಲಿ ಎರಕದ ವಸ್ತುಗಳು ಎಷ್ಟಿವೆಯೆಂದು ಮಕ್ಕಳು ಒಮ್ಮೆ ಎಣಿಸಿ ನೋಡಲಿ. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ, ಕಬ್ಬು ಅರೆಯುವ ಗಾಣದ ಉರುಳೆ, ನೀರೆತ್ತುವ ಪಂಪಿನ ಕವಚ, ಬಸ್ಸಿನ ಎಂಜಿನ್ನಿನ ಮೈ, ಹೊಲಿಗೆ ಯಂತ್ರದ ತೋಳು. ಇವೆಲ್ಲ ಹೆಚ್ಚಾಗಿ ಮರಳಿನ ಅಚ್ಚಿನಲ್ಲಿ ಹುಟ್ಟಿದವು.

ಮುದ್ದೆಯ ಹದ, ಮರಳಿನ ಹದ

ಅಚ್ಚು ಕಟ್ಟುವ ಬಗೆ ಸರಳ. ಬೇಕಾದ ವಸ್ತುವಿನ ಮಾದರಿಯನ್ನು ಮರದಲ್ಲೋ ಲೋಹದಲ್ಲೋ ಮಾಡಿ, ಪೆಟ್ಟಿಗೆಯೊಳಗಿಟ್ಟು, ಸುತ್ತ ಮರಳನ್ನು ಗಟ್ಟಿಯಾಗಿ ಅದುಮುತ್ತಾರೆ. ಮಾದರಿಯನ್ನು ಹೊರತೆಗೆದರೆ ಅದರ ಆಕಾರದ ಪೊಳ್ಳು ಉಳಿಯುತ್ತದೆ. ಅದರೊಳಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ಆದರೆ ಒಣಮರಳು ಕೈಯಲ್ಲಿ ನಿಲ್ಲದು. ಅದನ್ನು ಹಿಡಿದಿಡಲು ಬೆಂಟೊನೈಟ್ ಎಂಬ ಜಿಗುಟು ಜೇಡಿ ಬೇಕು. ಗುಜರಾತಿನ ಕಛ್, ರಾಜಸ್ಥಾನದ ಬಾರ್ಮೇರ್ ಕಡೆ ಇದು ಹೇರಳ. ನೂರು ಪಾಲು ಮರಳಿಗೆ ಸುಮಾರು ಆರರಿಂದ ಹತ್ತು ಪಾಲು ಜೇಡಿ, ಮೂರು ನಾಲ್ಕು ಪಾಲು ನೀರು, ಕಬ್ಬಿಣದ ಎರಕವಾದರೆ ಒಂದಿಷ್ಟು ಕಲ್ಲಿದ್ದಲ ಪುಡಿ ಬೆರೆಸುತ್ತಾರೆ. ಇದೇ ‘ಹಸಿ ಮರಳು’. ಹಸಿ ಎಂದರೆ ಸುಡದೆ, ತೇವವಾಗಿಯೇ ಬಳಸುವುದು ಎಂದರ್ಥ.

ಕೋಲಾರದ ಅಡುಗೆಮನೆಯಲ್ಲಿ ಮುದ್ದೆ ತಿರುವುವ ತಾಯಿಗೆ ಹದವೆಂದರೇನೆಂದು ಯಾರೂ ಕಲಿಸಬೇಕಿಲ್ಲ. ನೀರು ಹೆಚ್ಚಾದರೆ ಅಂಬಲಿ, ಕಡಿಮೆಯಾದರೆ ಗಂಟು. ಫೌಂಡ್ರಿಯ ಅನುಭವಿಯೂ ಹೀಗೆಯೇ ಮರಳನ್ನು ಮುಷ್ಟಿಯಲ್ಲಿ ಹಿಸುಕಿ ನೋಡುತ್ತಾನೆ. ಬೆರಳ ಗುರುತು ಸ್ಪಷ್ಟವಾಗಿ ಮೂಡಬೇಕು, ಮುರಿದರೆ ಅಂಚು ಉದುರದೆ ನಿಲ್ಲಬೇಕು, ಅಂಗೈಗೆ ಮೆತ್ತಬಾರದು. ಈಗ ಇದನ್ನೆಲ್ಲ ಉಪಕರಣಗಳಿಂದ ಅಳೆಯುತ್ತಾರಾದರೂ ಮುಷ್ಟಿಯ ಪರೀಕ್ಷೆ ಮರೆಯಾಗಿಲ್ಲ.

ಒಂದು ಬಾರಿ ಸುಟ್ಟ ಮೇಲೆ

ಒಂದು ಟನ್ ಎರಕಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ಟನ್ ಮರಳಿನ ಅಚ್ಚು ಬೇಕು. ತಿಂಗಳಿಗೆ ನೂರು ಟನ್ ಎರಕ ಹೊಯ್ಯುವ ಸಣ್ಣ ಫೌಂಡ್ರಿಯೊಂದು ಬಳಸಿದ ಮರಳನ್ನೆಲ್ಲ ಎಸೆಯುತ್ತ ಹೋದರೆ, ತಿಂಗಳಿಗೆ ಕನಿಷ್ಠ ನಾನೂರು ಟನ್ ಹೊಸ ಮರಳು ಬರಬೇಕು, ಅಷ್ಟೇ ಹಳೆಯ ಮರಳನ್ನು ಎಲ್ಲಾದರೂ ಸುರಿಯಬೇಕು. ಎರಡೂ ಕಡೆ ನೆಲಕ್ಕೆ ನಷ್ಟ, ಮಾಲೀಕನಿಗೆ ಖರ್ಚು.

ಹಾಗಾದರೆ ಬಳಸಿದ ಮರಳಿನಲ್ಲಿ ಕೆಟ್ಟದ್ದು ಏನು? ಇಲ್ಲಿಯೇ ವಿಷಯದ ಸ್ವಾರಸ್ಯವಿದೆ. ಮರಳಿನ ಕಾಳು ಬಹುಮಟ್ಟಿಗೆ ಹಾಗೆಯೇ ಇರುತ್ತದೆ. 573 ಡಿಗ್ರಿಯಲ್ಲಿ ಅದರ ಹರಳಿನ ರಚನೆ ಬದಲಾಗಿ ಕಾಳು ತಟ್ಟನೆ ಹಿಗ್ಗುವುದರಿಂದ ಕೆಲವು ಸೀಳಿ ಪುಡಿಯಾಗುತ್ತವೆ ನಿಜ. ಆದರೆ ಹೆಚ್ಚು ಕೆಡುವುದು ಜೇಡಿ. ಲೋಹಕ್ಕೆ ತಾಗಿದ ಭಾಗದಲ್ಲಿ ಜೇಡಿಯ ರಚನೆಯೊಳಗೆ ಸೇರಿಕೊಂಡಿರುವ ನೀರೂ ಹೊರಟುಹೋಗಿ ಅದು ‘ಸತ್ತ ಜೇಡಿ’ಯಾಗುತ್ತದೆ. ಮತ್ತೆ ಎಷ್ಟು ನೀರು ಹಾಕಿದರೂ ಅದಕ್ಕೆ ಅಂಟು ಬರುವುದಿಲ್ಲ. ಅದು ಕಾಳಿನ ಮೇಲೆ ಪೊರೆಯಂತೆ ಕೂತುಕೊಳ್ಳುತ್ತದೆ. ಸುಟ್ಟ ಕಲ್ಲಿದ್ದಲ ಬೂದಿ, ಸಣ್ಣ ಧೂಳು ಕಾಳುಗಳ ನಡುವಿನ ಸಂದುಗಳನ್ನು ಮುಚ್ಚುತ್ತವೆ. ಅಚ್ಚಿನೊಳಗಿನ ಆವಿ, ಅನಿಲಗಳಿಗೆ ಹೊರಹೋಗಲು ದಾರಿ ಸಿಗದೆ ಲೋಹದೊಳಗೇ ಗಾಳಿಗುಳ್ಳೆಗಳು ಉಳಿಯುತ್ತವೆ. ಹೊರಗೆ ನುಣುಪಾಗಿ ಕಂಡ ಪಂಪಿನ ಕವಚ ನೀರಿನ ಒತ್ತಡಕ್ಕೆ ಸೋರತೊಡಗುವುದು ಇಂಥ ಗುಳ್ಳೆಗಳಿಂದ.

ಆದ್ದರಿಂದ ಹಳೆಯ ಮರಳಿಗೆ ಮರುಜನ್ಮ ಕೊಡುವ ಕೆಲಸ ಹಂತಹಂತವಾಗಿ ನಡೆಯುತ್ತದೆ. ಮೊದಲು ಅಚ್ಚನ್ನು ಅಲುಗಿಸಿ ಒಡೆದು ಎರಕವನ್ನು ಬೇರ್ಪಡಿಸುತ್ತಾರೆ. ಅಯಸ್ಕಾಂತದಿಂದ ಕಬ್ಬಿಣದ ಹನಿ, ಚೂರುಗಳನ್ನು ಆರಿಸುತ್ತಾರೆ. ಹೆಂಟೆಗಳನ್ನು ಪುಡಿಮಾಡಿ ಜರಡಿ ಹಿಡಿಯುತ್ತಾರೆ. ಗಾಳಿಯ ಸೆಳೆತದಿಂದ ಧೂಳು ತೆಗೆಯುತ್ತಾರೆ. ಬಳಿಕ ತಣಿಸುವುದು. ಮರಳು ಸುಮಾರು 50 ಡಿಗ್ರಿಗಿಂತ ಬಿಸಿಯಾಗಿದ್ದರೆ ಹಾಕಿದ ನೀರು ಆರಿಹೋಗುತ್ತದೆ, ಮರಳು ಮಾದರಿಗೆ ಅಂಟುತ್ತದೆ. ಅವಸರದ ಫೌಂಡ್ರಿಗಳು ಎಡವುವುದು ಹೆಚ್ಚಾಗಿ ಇಲ್ಲೇ. ತಣಿದ ಮರಳಿಗೆ ಸತ್ತುಹೋದಷ್ಟು ಹೊಸ ಜೇಡಿ, ಬೇಕಾದಷ್ಟು ನೀರು, ಸ್ವಲ್ಪ ಹೊಸ ಮರಳು ಸೇರಿಸಿ, ಭಾರದ ಚಕ್ರಗಳು ತಿರುಗುವ ಯಂತ್ರದಲ್ಲಿ ಅರೆದರೆ ಪ್ರತಿ ಕಾಳಿಗೂ ಜೇಡಿಯ ಲೇಪ ಕೂರುತ್ತದೆ. ಅದೇ ಮರಳು ಮರುದಿನ ಮತ್ತೆ ಅಚ್ಚಾಗುತ್ತದೆ.

ಜೇಡಿಯ ಬದಲು ರಾಳ ಬೆರೆಸಿದ ಮರಳಿಗೆ ಬೇರೆ ಚಿಕಿತ್ಸೆ. ಕಾಳಿಗೆ ಕಾಳನ್ನು ಉಜ್ಜಿ ಪೊರೆ ಕಳಚುವುದು ಒಂದು ವಿಧಾನ. ಹತ್ತರಲ್ಲಿ ಎಂಟು ಒಂಬತ್ತು ಪಾಲು ಮರಳನ್ನು ಹೀಗೆ ಮರಳಿ ಬಳಸಬಹುದು. ಕುಲುಮೆಯಲ್ಲಿ 600ರಿಂದ 800 ಡಿಗ್ರಿಗೆ ಕಾಯಿಸಿ ರಾಳವನ್ನು ಸುಟ್ಟುಬಿಡುವುದು ಇನ್ನೊಂದು. ಯಂತ್ರದ ಬೆಲೆ ಸಣ್ಣ ಫೌಂಡ್ರಿಗೆ ಭಾರ. ಹಾಗಾಗಿ ಸಣ್ಣ ಕಾರ್ಖಾನೆಗಳು ಒಟ್ಟುಗೂಡಿ ಇಂಥ ಸೌಕರ್ಯ ಮಾಡಿಕೊಳ್ಳುವುದು ಜಾಣತನ. ಫೌಂಡ್ರಿಗಳಿಗೆ ಹೆಸರಾದ ನಮ್ಮ ಬೆಳಗಾವಿಯಲ್ಲಿ ಉದ್ಯಮಿಗಳು ಕ್ಲಸ್ಟರ್ ಕಟ್ಟಿಕೊಂಡದ್ದರ ಹಿಂದೆ ಒಬ್ಬರಿಂದಾಗದ್ದನ್ನು ಕೂಡಿ ಮಾಡುವ ಇದೇ ವಿಚಾರವಿದೆ.

ಒಂದು ಎಚ್ಚರಿಕೆ: ಈ ಕೆಲಸದಲ್ಲಿ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರುತ್ತದೆ. ಧೂಳು ಹೀರುವ ಯಂತ್ರ, ಸರಿಯಾದ ಮುಖಗವಸು ಇಲ್ಲದೆ ಮರಳು ಉಳಿಸುವುದು ಲಾಭದ ಮಾತಲ್ಲ.

ಜಿಲ್ಲೆಯ ಇನ್ನೆರಡು ಮರಳು

ಕೋಲಾರ ಜಿಲ್ಲೆಗೆ ಮರಳು ‘ತೊಳೆಯುವುದು’ ಹೊಸ ಸಂಗತಿಯೇನಲ್ಲ. ಆದರೆ ಇಲ್ಲಿ ತೊಳೆದದ್ದು ಬೇರೆ ಮರಳು. ವರ್ಷಪೂರ್ತಿ ಹರಿಯುವ ನದಿಯಿಲ್ಲದ ಸೀಮೆಯಿದು. ಬೆಂಗಳೂರಿನ ಕಟ್ಟಡಗಳಿಗೆ ಮರಳಿನ ಹಸಿವು ಹೆಚ್ಚಿದಂತೆ, ಕೆರೆಯಂಗಳದ, ಗೋಮಾಳದ, ಕೆಲವೆಡೆ ಹೊಲದ ಮಣ್ಣನ್ನೇ ಅಗೆದು ಗುಂಡಿಗೆ ಸುರಿದು, ಕೊಳವೆಬಾವಿಯ ನೀರು ಹಾಯಿಸಿ, ಮಣ್ಣು ತೇಲಿಹೋದ ಮೇಲೆ ತಳದಲ್ಲಿ ಉಳಿದದ್ದನ್ನು ಮಾರುವ ‘ಫಿಲ್ಟರ್ ಮರಳು’ ದಂಧೆ ಹಬ್ಬಿತು. ಇದು ಕಾನೂನುಬಾಹಿರ. ಸಾವಿರ ಅಡಿ ದಾಟಿದರೂ ನೀರು ಕಾಣದ ಕೊಳವೆಬಾವಿಗಳ ನಾಡಿನಲ್ಲಿ ಇದ್ದ ನೀರೂ ಹೋಯಿತು, ಬೆಳೆ ಕೊಡುವ ಮಣ್ಣೂ ಹೋಯಿತು. ಸರಿಯಾಗಿ ತೊಳೆಯದ ಮರಳಿನಲ್ಲಿ ಉಳಿದ ಜೇಡಿ ಸಿಮೆಂಟಿನ ಹಿಡಿತವನ್ನೂ ಸಡಿಲಿಸುತ್ತದೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಫೌಂಡ್ರಿಯವನು ಜೇಡಿಯನ್ನು ಹಣ ಕೊಟ್ಟು ಕಛ್‌ನಿಂದ ತರಿಸಿ, ಪ್ರತಿ ಸುತ್ತಿಗೂ ಅಳೆದು ಸೇರಿಸುತ್ತಾನೆ. ಫಿಲ್ಟರ್ ಮರಳಿನವನು ಕೆರೆಯ ಜೇಡಿಯನ್ನು ಕಸವೆಂದು ಚರಂಡಿಗೆ ಹರಿಸುತ್ತಾನೆ. ಒಬ್ಬ ಬಳಸಿದ ಮರಳನ್ನು ಮತ್ತೆ ಮರಳಾಗಿಸುತ್ತಾನೆ; ಇನ್ನೊಬ್ಬ ಎಂದಿಗೂ ಮತ್ತೆ ಕೂಡಿಸಲಾಗದ ಮಣ್ಣನ್ನು ಒಡೆಯುತ್ತಾನೆ.

ಇನ್ನೊಂದು ಮರಳು ಕೆ.ಜಿ.ಎಫ್.ನದು. ಚಿನ್ನದ ಅದಿರನ್ನು ನುಣ್ಣಗೆ ಅರೆದು ಸೈನೈಡಿನಿಂದ ಚಿನ್ನ ತೆಗೆದ ಮೇಲೆ ಉಳಿದ 3 ಕೋಟಿ ಟನ್ನಿಗೂ ಮೀರಿದ ಪುಡಿ ‘ಸೈನೈಡ್ ದಿಬ್ಬ’ಗಳಾಗಿ ನಿಂತಿದೆ. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ದಿಬ್ಬಗಳು ಮಾತ್ರ ಉಳಿದವು. ಬೇಸಿಗೆಯ ಗಾಳಿಗೆ ಅವುಗಳ ಧೂಳು ಏಳುತ್ತದೆ. ಬಳಸಿದ್ದನ್ನು ಏನು ಮಾಡಬೇಕೆಂದು ಮೊದಲೇ ಯೋಚಿಸದಿದ್ದರೆ ಆಗುವುದು ಹೀಗೆ.

ಅಳೆದು ಬಳಸುವ ವಿದ್ಯೆ

2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧಗೊಳಿಸಿ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಬತ್ತಿದ ಕೆರೆಗಳಲ್ಲಿ ನೀರು ಕಂಡು ಹಿಗ್ಗಿದವರಿದ್ದಾರೆ. ಮೂರನೇ ಹಂತದ ಶುದ್ಧೀಕರಣವೂ ಬೇಕೆಂದು ಹೋರಾಡಿದವರೂ ಇದ್ದಾರೆ. ವಿಚಾರ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ನೀರಿಗೂ ಮರಳಿಗೂ ಪ್ರಶ್ನೆ ಒಂದೇ: ತೊಳೆದ ಮೇಲೂ ಒಳಗೆ ಏನು ಉಳಿದಿದೆ? ಒಳ್ಳೆಯ ಫೌಂಡ್ರಿ ಇದನ್ನು ಊಹೆಗೆ ಬಿಡುವುದಿಲ್ಲ. ದಿನವೂ ಮಾದರಿ ತೆಗೆದು ತೇವ, ಜೀವಂತ ಜೇಡಿ, ಗಾಳಿಯಾಡುವ ಗುಣ, ಸುಟ್ಟಾಗ ಕಳೆಯುವ ತೂಕ ಎಲ್ಲವನ್ನೂ ಅಳೆದು ಪುಸ್ತಕದಲ್ಲಿ ಬರೆಯುತ್ತದೆ.

ಈ ಪಾಠವನ್ನು ಮನೆಯಲ್ಲೇ ನೋಡಬಹುದು. ಹಿತ್ತಲ ಮಣ್ಣನ್ನು ಒಂದು ಗಾಜಿನ ಬಾಟಲಿಗೆ ಕಾಲು ಭಾಗ ತುಂಬಿ, ನೀರು ಹಾಕಿ, ಚೆನ್ನಾಗಿ ಕುಲುಕಿ ಇಡಿ. ಮರಳು ಕ್ಷಣಗಳಲ್ಲಿ ತಳ ಸೇರುತ್ತದೆ. ಅದರ ಮೇಲೆ ನುಣ್ಣನೆಯ ಹೂಳು ಕೂರುತ್ತದೆ. ಜೇಡಿ ಮಾತ್ರ ಗಂಟೆಗಟ್ಟಲೆ ನೀರನ್ನು ಕದಡಿಟ್ಟಿರುತ್ತದೆ. ಮರುದಿನ ಪದರಗಳನ್ನು ಅಳತೆಪಟ್ಟಿಯಿಂದ ಅಳೆಯಿರಿ. ಹೊಲದ ಮಣ್ಣು, ಕೆರೆಯ ಮಣ್ಣು, ಕಟ್ಟಡದ ಮರಳು ಮೂರನ್ನೂ ಹೋಲಿಸಿದರೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಳ್ಳೆಯ ವಸ್ತುವಾದೀತು. ಈ ವಿದ್ಯೆಯನ್ನು ಮುಂದುವರಿಸಬಯಸುವವರಿಗೆ ಐ.ಟಿ.ಐ.ಗಳಲ್ಲಿ ಫೌಂಡ್ರಿ ತರಬೇತಿಯಿದೆ. 1966ರಲ್ಲಿ ರಾಂಚಿಯಲ್ಲಿ ಫೌಂಡ್ರಿ ಮತ್ತು ಫೋರ್ಜ್ ತಂತ್ರಜ್ಞಾನಕ್ಕೆಂದೇ ರಾಷ್ಟ್ರೀಯ ಸಂಸ್ಥೆಯೊಂದು ಆರಂಭವಾಯಿತು.

ಮುಂದಿನ ಸಲ ತಿರುಪತಿಗೆ ಹೊರಟ ಕುಟುಂಬ ಮುಳಬಾಗಿಲಿನಲ್ಲಿ ದೋಸೆ ತಿಂದು ನಂಗಲಿ ದಾಟುವಾಗ, ಎದುರಿನಿಂದ ತಾರ್ಪಾಲು ಹೊದ್ದ ಲಾರಿ ಏದುಸಿರು ಬಿಡುತ್ತ ಬಂದರೆ ಮಕ್ಕಳಿಗೆ ತೋರಿಸಲಿ. ಅದರಲ್ಲಿರುವುದು ಮರಳಾಗಿದ್ದರೆ, ಅದು ಎಲ್ಲಿಂದ ಹೊರಟಿತು, ಎಷ್ಟು ಸಲ ಅಚ್ಚಾಗಬಲ್ಲದು ಎಂದು ಕೇಳಲಿ. ಬಸ್ಸು ಪಲಮನೇರು ಸೇರುವವರೆಗೆ ಮಾತಿಗೆ ಕೊರತೆಯಾಗದು.