ಪ್ಲಸ್ ಟು ಮುಗಿಸಿದ ನಮ್ಮ ಮಕ್ಕಳಿಗೊಂದು ದಾರಿ

ಪ್ಲಸ್ ಟು ಫಲಿತಾಂಶ ಬಂದು ವಾರ ಕಳೆಯುವಷ್ಟರಲ್ಲಿ ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಹಳೆ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಹೆಚ್ಚಿನವರದ್ದು ಒಂದೇ ಪ್ರಶ್ನೆ: “ಟೀಚರ್, ಕಂಪ್ಯೂಟರ್ ಕಲಿಯಬೇಕೂಂತ ಆಸೆ ಇದೆ. ಹತ್ತರವರೆಗೆ ಕನ್ನಡದಲ್ಲೇ ಓದಿದವರು ಅಲ್ಲಿ ಹೋಗಿ ಏನು ಮಾಡ್ಲಿಕ್ಕಾಗ್ತದೆ?” ಇಂಗ್ಲಿಷ್ ಗಟ್ಟಿ ಮಾಡಿಕೊಳ್ಳಿ, ಗಣಿತ ಬಿಡಬೇಡಿ ಎಂದು ನಾವು ಹೇಳುತ್ತೇವೆ. ಅದು ಸರಿಯಾದ ಮಾತೇ. ಆದರೆ ಕನ್ನಡ ಬಲ್ಲವರೇ ಬೇಕಾಗಿರುವ ಒಂದು ಕೆಲಸವೂ ಕಂಪ್ಯೂಟರ್ ಲೋಕದಲ್ಲಿದೆ. ಅದರ ಬಗ್ಗೆ ನಮ್ಮ ಮಕ್ಕಳಿಗೂ ಹೆತ್ತವರಿಗೂ ತಿಳಿದದ್ದು ಕಡಿಮೆ.

ಆ ಶಾಸ್ತ್ರದ ಹೆಸರು ಮಾನವ-ಗಣಕ ಒಡನಾಟ, ಚುಟುಕಾಗಿ ಎಚ್‌ಸಿಐ. ಯಂತ್ರ ಹೇಗೆ ಓಡುತ್ತದೆ ಎನ್ನುವುದಕ್ಕಿಂತ, ಅದರ ಮುಂದೆ ಕುಳಿತ ಮನುಷ್ಯ ಎಲ್ಲಿ ತಡವರಿಸುತ್ತಾನೆ, ಯಾಕೆ ತಡವರಿಸುತ್ತಾನೆ ಎಂಬುದನ್ನು ಅದು ನೋಡುತ್ತದೆ. 1968ರಲ್ಲಿ ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಮೌಸನ್ನು ಸಭೆಯ ಮುಂದೆ ತೋರಿಸಿದ್ದು ಈ ಶಾಸ್ತ್ರದ ಚರಿತ್ರೆಯಲ್ಲಿ ದೊಡ್ಡ ದಿನ.

ನಮ್ಮ ಶಾಲೆಗಳಿಗೆ ಹತ್ತಿರವಾದ ಒಂದು ಉದಾಹರಣೆ ಕೊಡುತ್ತೇವೆ. ಒಂದು ಕಂಪ್ಯೂಟರಿಗೆ ನಾಲ್ಕೈದು ಮಕ್ಕಳು ಮುತ್ತಿಕೊಂಡರೆ ಮೌಸ್ ಹಿಡಿದವನೇ ರಾಜ, ಉಳಿದವರು ಪ್ರೇಕ್ಷಕರು. ಹಿಂದೆ ನಿಂತ ಹುಡುಗಿಯರ ಸರದಿ ಬರುವಾಗ ಬೆಲ್ ಆಗಿರುತ್ತದೆ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನ ಸಂಶೋಧಕರು ಹಳ್ಳಿ ಶಾಲೆಗಳಲ್ಲಿ ಇದೇ ದೃಶ್ಯ ನೋಡಿ, ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸಿ, ಪ್ರತಿ ಮಗುವಿಗೂ ಪರದೆಯ ಮೇಲೆ ಬೇರೆ ಬೇರೆ ಬಾಣ ಕೊಟ್ಟರು. 2006-07ರ ಹೊತ್ತಿಗೆ ಇದರ ಪ್ರಬಂಧಗಳು ಪ್ರಕಟವಾದವು. ಪೈಪೋಟಿಯ ಆಟ ಇಟ್ಟಾಗ ಹುಡುಗರು ಯೋಚಿಸದೆ ಒತ್ತುತ್ತಾ ಹೋದರು, ಕಲಿಕೆ ಕುಂದಿತು. ಎಲ್ಲರೂ ಒಪ್ಪಿ ಒತ್ತಿದರೆ ಮಾತ್ರ ಮುಂದೆ ಹೋಗುವ ಆಟದಲ್ಲಿ ಆ ತೊಂದರೆ ಇರಲಿಲ್ಲ. ಇದನ್ನು ಕಂಡುಹಿಡಿಯಲು ಮಕ್ಕಳ ಹತ್ತಿರ ಕೂತು ನೋಡಬೇಕು, ಅವರ ಮಾತು ಅರ್ಥವಾಗಬೇಕು.

ಅಲ್ಲಿಗೇ ಬರುತ್ತದೆ ವಿದ್ಯಾರ್ಥಿ ಸಂಶೋಧನಾ ಸಹಾಯಕರ ಕೆಲಸ. ಪದವಿ ಓದುತ್ತಿರುವಾಗಲೋ ಮುಗಿಸಿದ ಮೇಲೋ ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಕೆಲವು ತಿಂಗಳು ದುಡಿಯುವುದು. ಪ್ರೋಗ್ರಾಂ ಬರೆಯುವುದು ಅದರಲ್ಲಿ ಒಂದು ಭಾಗ ಮಾತ್ರ. ಭಾಗವಹಿಸುವವರನ್ನು ಹುಡುಕಬೇಕು, ಅವರಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆಯಬೇಕು. “ಮನಸ್ಸಿಗೆ ಬಂದದ್ದನ್ನು ಹೇಳುತ್ತಾ ಹೋಗಿ” ಎಂದು ಹೇಳಿ, ಅವರು ಪರದೆಯ ಮುಂದೆ ಮಾಡುವುದನ್ನು ಬಾಯಿ ಹಾಕದೆ ಬರೆದುಕೊಳ್ಳಬೇಕು. ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸಿ ಅನುವಾದಿಸಬೇಕು.

ಈ ಅನುವಾದ ಸಣ್ಣ ಕೆಲಸವಲ್ಲ. 1986ರಲ್ಲಿ ಜಾನ್ ಬ್ರೂಕ್ ರಚಿಸಿದ ಹತ್ತು ವಾಕ್ಯಗಳ ಒಂದು ಪ್ರಶ್ನಾವಳಿಯನ್ನು ಇಂದಿಗೂ ಲೋಕದಾದ್ಯಂತ ಬಳಸುತ್ತಾರೆ. ಅದರಲ್ಲಿರುವ ‘ಕಂಬರ್ಸಮ್’ ಎಂಬ ಪದ ಇಂಗ್ಲಿಷ್ ಮನೆಮಾತಲ್ಲದವರಿಗೆ ತಿಳಿಯುವುದಿಲ್ಲವೆಂದು 2006ರಲ್ಲಿ ಒಂದು ಅಧ್ಯಯನ ತೋರಿಸಿತು. ಇದನ್ನು ನಿಘಂಟು ನೋಡಿ “ತೊಡಕಿನದು” ಎಂದು ಬರೆದರೆ ನಮ್ಮ ಬದಿಯಡ್ಕದ ಕಡೆಯ ಅಜ್ಜಂದಿರು ಮುಖ ನೋಡಿಯಾರು. “ಇದರಿಂದ ರಗಳೆ ಆಗ್ತದಾ ಅಜ್ಜಾ?” ಎಂದು ಕೇಳಿದರೆ ಅರ್ಧ ಗಂಟೆ ಉತ್ತರ ಸಿಗುತ್ತದೆ! ಹಾಗೆ ಕೇಳಲು ಗೊತ್ತಿರುವ ಸಹಾಯಕ ಯಾವ ಪ್ರಯೋಗಾಲಯಕ್ಕೂ ಆಸ್ತಿಯೇ ಸರಿ.

ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಸಪ್ತಭಾಷೆಗಳ ಈ ನೆಲದಲ್ಲಿ ಬೆಳೆದ ಮಕ್ಕಳಿಗೆ ಭಾಷೆಯಿಂದ ಭಾಷೆಗೆ ಹಾರುವುದು ತೋಡು ದಾಟಿದಷ್ಟೇ ಸಲೀಸು. ಅಕ್ಷಯ ಕೇಂದ್ರದ ಬೆಂಚಿನ ಮೇಲೆ ಅಜ್ಜಿಯ ಜತೆ ಕೂತು, ಮಲಯಾಳದ ಅರ್ಜಿಯನ್ನು ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳಿದ ಮಗು ಈ ವಿದ್ಯೆಯ ಮೊದಲ ಪಾಠವನ್ನು ಆಗಲೇ ಕಲಿತಿರುತ್ತದೆ. ಎಲ್ಲಿ ಅಜ್ಜಿ ನಿಂತಳು, ಯಾವ ಪದಕ್ಕೆ ಹೆದರಿದಳು ಎಂಬುದು ಅದಕ್ಕೆ ಗೊತ್ತು. ಅದನ್ನು ಬರೆದಿಡುವ ಕ್ರಮವಷ್ಟೇ ಕಲಿಯಲು ಬಾಕಿ.

ಹಾಗಾದರೆ ಎಲ್ಲಿಗೆ ಹೋಗಬೇಕು? ಮುಂಬಯಿ ಐಐಟಿಯಲ್ಲಿ 1969ರಲ್ಲಿ ಶುರುವಾದ ವಿನ್ಯಾಸ ಶಾಲೆ ಐಡಿಸಿ ಇದೆ. ವ್ಯಂಜನವನ್ನು ಮುಟ್ಟಿದೊಡನೆ ಅದರ ಕಾಗುಣಿತ ಸುತ್ತಲೂ ಚಕ್ರದಂತೆ ಮೂಡುವ ‘ಸ್ವರಚಕ್ರ’ ಕೀಲಿಮಣೆ ಅಲ್ಲಿಯದು, ಕನ್ನಡದಲ್ಲೂ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಣ್ಣಿನ ನೋಟದಿಂದಲೇ ಪರದೆಯನ್ನು ನಡೆಸುವ ಸಂಶೋಧನೆ ನಡೆದಿದೆ. ಭಾರತೀಯ ವಿಜ್ಞಾನ ಅಕಾಡೆಮಿಯು ಇನ್ನೆರಡು ಅಕಾಡೆಮಿಗಳ ಜತೆ ಸೇರಿ ನಡೆಸುತ್ತ ಬಂದಿರುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ, ಆಯ್ಕೆಯಾದವರು ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಜತೆ ಕೆಲಸ ಮಾಡಬಹುದು, ಸಹಾಯಧನವೂ ಇದೆ.

ಪ್ರಕಟಣೆ ಹೊರಡಿಸದೆಯೂ ಎಷ್ಟೋ ಪ್ರಾಧ್ಯಾಪಕರು ಸಹಾಯಕರನ್ನು ತೆಗೆದುಕೊಳ್ಳುತ್ತಾರೆ. ಅವರಿಗೆ ಪತ್ರ ಬರೆಯಬೇಕು. ಬರೆಯುವ ಮೊದಲು ಅವರ ಒಂದು ಪ್ರಬಂಧವನ್ನಾದರೂ ಓದಿ, ಅದರ ಬಗ್ಗೆ ಒಂದು ಪ್ರಶ್ನೆ ಕೇಳಿ. ಗೊತ್ತಿರುವ ಭಾಷೆಗಳನ್ನು ಪತ್ರದ ಕೊನೆಗೆ ತಳ್ಳಬೇಡಿ, ಮೊದಲೇ ಹೇಳಿ. ಐವತ್ತು ಜನರಿಗೆ ಒಂದೇ ಪತ್ರ ಕಳಿಸಿದರೆ ಓದುವವರಿಗೆ ತಿಳಿಯುತ್ತದೆ. ಇಂಗ್ಲಿಷ್ ಸರಳವಾಗಿದ್ದರೆ ಸಾಕು, ತಪ್ಪಿದ್ದರೆ ಕಾಲೇಜಿನ ಮೇಷ್ಟ್ರು ತಿದ್ದಿಕೊಡುತ್ತಾರೆ.

ಹೆತ್ತವರಿಗೂ ಎರಡು ಮಾತು. ಸಂಶೋಧನಾ ಅವಕಾಶ ಕೊಡುತ್ತೇವೆಂದು ಮಕ್ಕಳಿಂದಲೇ ಹಣ ಕೇಳುವವರಿದ್ದಾರೆ, ಅಂಥವರಿಂದ ದೂರವಿರಿ. ವೇತನ ಎಷ್ಟು, ವಾರಕ್ಕೆ ಎಷ್ಟು ತಾಸು, ಪ್ರಬಂಧದಲ್ಲಿ ಹೆಸರು ಬರುತ್ತದೆಯೇ ಎಂದು ಮೊದಲೇ ಕೇಳುವುದು ಉದ್ಧಟತನವಲ್ಲ. ಪ್ರತಿಯೊಬ್ಬರಿಗೂ ಇದು ಸಿಗುತ್ತದೆ ಎಂಬ ಭರವಸೆಯನ್ನು ನಾವು ಕೊಡಲಾರೆವು. ಆದರೆ ಕೇಳದವರಿಗೆ ಸಿಗುವುದಿಲ್ಲ ಎಂಬುದು ಖಂಡಿತ.

ಶಾಲೆಯಲ್ಲೇ ಇದಕ್ಕೆ ನಾಂದಿ ಹಾಡಬಹುದು. 2018ರಿಂದ ನಮ್ಮ ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಕೂಟಗಳಿವೆ. ಆ ಮಕ್ಕಳು ಮೊಬೈಲಿನ ಯಾವುದಾದರೂ ಒಂದು ಕೆಲಸವನ್ನು ಊರಿನ ಐದು ಮಂದಿ ಹಿರಿಯರಿಗೆ ಕೊಟ್ಟು, ಸಹಾಯ ಮಾಡದೆ ನೋಡಿ, ಕಂಡದ್ದನ್ನು ಕನ್ನಡದಲ್ಲಿ ಬರೆಯಲಿ. ಹೆಸರು, ಪಾಸ್‌ವರ್ಡ್, ಒಟಿಪಿ ಯಾವುದನ್ನೂ ಬರೆದುಕೊಳ್ಳಬಾರದು ಎಂದು ಮೊದಲೇ ಹೇಳಿಕೊಡೋಣ. ಕಾಗದ, ಪೆನ್ಸಿಲು, ತಾಳ್ಮೆ ಇದ್ದರೆ ಆಯಿತು.

ಕನ್ನಡದ ಅರ್ಜಿ ಬೇಕೆಂದು ಗಡಿನಾಡಿನ ನಾವು ಕೇಳುತ್ತಲೇ ಬಂದಿದ್ದೇವೆ, ಮುಂದೆಯೂ ಕೇಳುತ್ತೇವೆ. ಅರ್ಜಿ ಕನ್ನಡದಲ್ಲಿ ಬಂದರೂ ಅಜ್ಜಿಗೆ ಅರ್ಥವಾಗುವ ಹಾಗೆ ಅದನ್ನು ರೂಪಿಸುವವರು ಯಾರು? ಆ ಕೆಲಸಕ್ಕೆ ನಮ್ಮ ಮಕ್ಕಳೇ ತಯಾರಾಗಲಿ ಎಂಬುದು ನಮ್ಮ ಆಸೆ.