ಅಂಗೈ ಮೇಲಿನ ಹಡಗು

ದೊಡ್ಡದನ್ನು ಚಿಕ್ಕದು ಮಾಡಿ ಕಣ್ಣೆದುರು ಇರಿಸಿಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಬಹು ಹಿಂದಿನಿಂದ ಬಂದದ್ದು. ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆಗಳಲ್ಲಿ ಅರಮನೆ, ಅಂಗಡಿ ಬೀದಿ, ತೇರು ಎಲ್ಲವೂ ಗೇಣುದ್ದಕ್ಕೆ ಇಳಿದು ಮೆಟ್ಟಿಲುಗಳ ಮೇಲೆ ಸಾಲಾಗಿ ನಿಲ್ಲುತ್ತವೆ. ಜಾತ್ರೆಗೆ ಹೋದವರು ಮರದ ಪುಟ್ಟ ರಥವೊಂದನ್ನು ಕೊಂಡು ತರುತ್ತಾರೆ. ಇಂಥ ವಸ್ತುಗಳೆಲ್ಲ ನನಗೆ ಪ್ರಿಯವಾದವುಗಳೇ. ಆದರೆ ಹೆಚ್ಚಿನ ಮಮತೆ ಹಡಗು ದೋಣಿಗಳ ಮಾದರಿಗಳ ಮೇಲೆ. ವಸ್ತುಸಂಗ್ರಹಾಲಯದಲ್ಲಿ ಜನರು ಕತ್ತಿ ಕಿರೀಟಗಳ ಮುಂದೆ ಗುಂಪುಗೂಡಿದರೆ, ನಾನು ಗಾಜಿನ ಪೆಟ್ಟಿಗೆಯೊಳಗೆ ಹಾಯಿ ಬಿಚ್ಚಿ ನಿಂತ ಪುಟ್ಟ ಹಡಗನ್ನು ಹುಡುಕಿಕೊಂಡು ಹೋಗುತ್ತೇನೆ. “ಇದು ಮಕ್ಕಳ ಆಟದ ಸಾಮಾನಲ್ಲವೇ?” ಎಂದು ಗೆಳೆಯರು ನಗುವುದುಂಟು. ಅಲ್ಲವೆನ್ನುವುದಕ್ಕೆ ನನ್ನಲ್ಲಿ ಕಾರಣಗಳಿವೆ.

ದೇವಾಲಯವೊಂದು ಪಾಳುಬಿದ್ದರೂ ಅದರ ಕಲ್ಲುಗಳು ನೂರಾರು ವರ್ಷ ಉಳಿದು ತಮ್ಮ ಕಥೆಯನ್ನು ಹೇಳುತ್ತವೆ. ಮರದ ಹಡಗಿಗೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ಕಡಲಿನಲ್ಲಿ ಮುಳುಗಿದರೆ ಮರ ಕೊರೆಯುವ ಹುಳುಗಳಿಗೆ ಆಹಾರವಾಗುತ್ತದೆ. ಮುಪ್ಪಾಗಿ ದಡ ಸೇರಿದರೆ ಸೌದೆಯಾಗಿ ಒಲೆ ಸೇರುತ್ತದೆ. ಆದ್ದರಿಂದ ಪ್ರಾಚೀನ ಕಾಲದ ಎಷ್ಟೋ ನೌಕೆಗಳ ರೂಪವನ್ನು ನಾವು ಅವುಗಳ ಮಾದರಿಗಳಿಂದಲೇ ತಿಳಿಯಬೇಕಾಗಿದೆ. ಈಜಿಪ್ಟಿನ ಥೀಬ್ಸ್‌ನಲ್ಲಿ ಮೆಕೆತ್ರೆ ಎಂಬ ಅಧಿಕಾರಿಯ ಸಮಾಧಿಯೊಳಗೆ ೧೯೨೦ರಲ್ಲಿ ಮರದ ದೋಣಿಗಳ ಮಾದರಿಗಳು ದೊರೆತವು. ಅವು ಸುಮಾರು ೪೦೦೦ ವರ್ಷಗಳಷ್ಟು ಹಳೆಯವು. ಒಂದರಲ್ಲಿ ಯಜಮಾನನು ಕುಳಿತಿದ್ದಾನೆ. ಅಂಬಿಗರು ಹುಟ್ಟು ಹಾಕುತ್ತಿದ್ದಾರೆ. ಅದರ ಹಿಂದೆಯೇ ಬರಬೇಕಾದ ಅಡುಗೆಯ ದೋಣಿ ಬೇರೆಯೇ ಇದೆ! ನೈಲ್ ನದಿಯ ಒಂದು ದಿನದ ಪಯಣವೇ ಅಲ್ಲಿ ಮರದಲ್ಲಿ ಮೂಡಿ ನಿಂತಿದೆ.

ನಮ್ಮ ದೇಶದಲ್ಲಿಯೂ ಇಂಥ ಸಾಕ್ಷಿಯುಂಟು. ಗುಜರಾತಿನ ಲೋಥಲ್ ಎಂಬಲ್ಲಿ ಹರಪ್ಪ ಸಂಸ್ಕೃತಿಯ ಪಟ್ಟಣವನ್ನು ಬೆಳಕಿಗೆ ತಂದವರು ಕನ್ನಡ ನಾಡಿನವರೇ ಆದ ಪುರಾತತ್ತ್ವಜ್ಞ ಶಿಕಾರಿಪುರ ರಂಗನಾಥ ರಾವ್. ಅಲ್ಲಿ ದೊರೆತ ವಸ್ತುಗಳಲ್ಲಿ ಸುಟ್ಟ ಮಣ್ಣಿನ ಪುಟ್ಟ ದೋಣಿಯೂ ಒಂದು. ಅದರಲ್ಲೊಂದು ತೂತಿದೆ. ಅದು ಕೂವೆಮರವನ್ನು, ಎಂದರೆ ಹಾಯಿ ಕಟ್ಟುವ ಕಂಬವನ್ನು, ನಿಲ್ಲಿಸುವ ಜಾಗವೆಂದು ವಿದ್ವಾಂಸರು ತಿಳಿಸಿದ್ದಾರೆ. ಬೆರಳ ತುದಿಯಷ್ಟು ಜಾಗ ಎಷ್ಟು ದೊಡ್ಡ ಸಂಗತಿಯನ್ನು ಹೇಳುತ್ತದೆ ನೋಡಿ: ಆ ಜನರು ಗಾಳಿಯನ್ನು ದುಡಿಸಿಕೊಳ್ಳಲು ಬಲ್ಲವರಾಗಿದ್ದರು.

ಮಾದರಿಯನ್ನು ನೋಡುವುದಕ್ಕೂ ಒಂದು ಕ್ರಮವಿದೆ. ಮೊದಲು ವಿಚಾರಿಸಬೇಕಾದುದು ಅದರ ಪ್ರಮಾಣವನ್ನು. ೧೭ನೆಯ ಶತಮಾನದ ಇಂಗ್ಲೆಂಡಿನಲ್ಲಿ ಯುದ್ಧನೌಕೆಗಳ ಮಾದರಿಗಳನ್ನು ಸಾಮಾನ್ಯವಾಗಿ ೧:೪೮ರ ಪ್ರಮಾಣದಲ್ಲಿ ಮಾಡುತ್ತಿದ್ದರು. ಹಡಗಿನ ಒಂದು ಅಡಿ ಮಾದರಿಯಲ್ಲಿ ಕಾಲು ಅಂಗುಲವಾಗುತ್ತದೆ. ಅಂಥ ೪೮ ಮಾದರಿಗಳನ್ನು ಒಂದರ ಹಿಂದೊಂದು ನಿಲ್ಲಿಸಿದಂತೆ ಊಹಿಸಿಕೊಂಡರೆ ನಿಜವಾದ ಹಡಗಿನ ಉದ್ದ ಮನಸ್ಸಿಗೆ ಹೊಳೆಯುತ್ತದೆ. ಆ ಮಾದರಿಗಳ ತಳಭಾಗಕ್ಕೆ ಹೆಚ್ಚಾಗಿ ಹಲಗೆಯ ಹೊದಿಕೆ ಇರುವುದಿಲ್ಲ. ಒಳಗಿನ ಪಕ್ಕೆಗಳು ಕಾಣಲೆಂದೇ ಹಾಗೆ ಬಿಟ್ಟಿದ್ದಾರೆ. ಹೊರಗಿನ ಚೆಲುವಿನೊಡನೆ ಒಳಗಿನ ಕಟ್ಟಡವನ್ನೂ ಅವು ತೋರಿಸುತ್ತವೆ.

ಮೂಲವು ಕಣ್ಣೆದುರಿಗೇ ಇರುವಾಗ ಮಾದರಿಯ ಅಗತ್ಯವೇನೆಂದು ನೀವು ಕೇಳಬಹುದು. ಸ್ವೀಡನ್ ದೇಶದ ‘ವಾಸಾ’ ಎಂಬ ಯುದ್ಧನೌಕೆ ೧೬೨೮ರ ಆಗಸ್ಟ್ ೧೦ರಂದು ತನ್ನ ಮೊದಲ ಪಯಣದಲ್ಲಿಯೇ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿತು. ಮೇಲ್ಭಾಗದ ಭಾರ ಹೆಚ್ಚಾಗಿದ್ದುದರಿಂದ ಗಾಳಿ ಬೀಸಿದಾಗ ಅದು ವಾಲಿತು. ತೆರೆದಿದ್ದ ತೋಪಿನ ಕಿಂಡಿಗಳಿಂದ ನೀರು ನುಗ್ಗಿತು. ೩೩೩ ವರ್ಷಗಳ ಅನಂತರ, ೧೯೬೧ರಲ್ಲಿ, ಅದನ್ನು ಮೇಲೆತ್ತಿದರು. ಇಂದು ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಆ ಹಡಗಿನ ಮರವೆಲ್ಲ ಕಪ್ಪು ಕಂದು ಬಣ್ಣ. ಅದರ ಸಮೀಪದಲ್ಲಿಯೇ ಹತ್ತರಲ್ಲಿ ಒಂದು ಪ್ರಮಾಣದ ಮಾದರಿಯಿದೆ. ಸುಮಾರು ೭ ಮೀಟರ್ ಉದ್ದ. ಅದರ ಹಾಯಿಗಳು ಬಿಚ್ಚಿವೆ. ಕೆತ್ತನೆಯ ಶಿಲ್ಪಗಳಿಗೆ ಕೆಂಪು, ಹಸಿರು, ಹೊನ್ನಿನ ಬಣ್ಣಗಳಿವೆ. ಕಡಲು ಕಸಿದುಕೊಂಡ ಬಣ್ಣವನ್ನು ಮೂಲವು ಮರಳಿ ತೋರಲಾರದು. ಆ ಕೆಲಸವನ್ನು ಮಾದರಿಯು ಮಾಡುತ್ತಿದೆ.

ಇನ್ನು ಕೆಲವು ಮಾದರಿಗಳು ತೋರಿಸುವುದಷ್ಟೇ ಅಲ್ಲದೆ ಕಲಿಸುತ್ತವೆ. ಸೈಪ್ರಸ್ ದ್ವೀಪದ ಕೈರೀನಿಯಾ ಎಂಬ ಊರಿನ ಬಳಿ ಸುಮಾರು ೨೩೦೦ ವರ್ಷಗಳ ಹಿಂದೆ ಮುಳುಗಿದ ಗ್ರೀಕ್ ವ್ಯಾಪಾರಿ ಹಡಗೊಂದು ೧೯೬೫ರಲ್ಲಿ ಪತ್ತೆಯಾಯಿತು. ಹೊರತೆಗೆದ ಮರವೆಲ್ಲ ಸಾವಿರಾರು ತುಂಡುಗಳಾಗಿತ್ತು. ಅವುಗಳನ್ನು ಜೋಡಿಸಲು ಮುಂದೆ ಬಂದವರು ಅಮೆರಿಕದ ರಿಚರ್ಡ್ ಸ್ಟೆಫಿ. ವೃತ್ತಿಯಲ್ಲಿ ಅವರು ವಿದ್ಯುತ್ ಕೆಲಸಗಾರರು. ಹವ್ಯಾಸವೆಂದರೆ ಹಡಗಿನ ಮಾದರಿ ಮಾಡುವುದು. ತುಂಡುಗಳನ್ನು ಅಳೆದು, ಮಾದರಿಗಳನ್ನು ಕಟ್ಟಿ, ತಪ್ಪಿದರೆ ಬಿಚ್ಚಿ, ಮತ್ತೆ ಕಟ್ಟಿ, ಯಾವ ಹಲಗೆ ಎಲ್ಲಿಗೆ ಸೇರಬೇಕೆಂಬುದನ್ನು ಅವರು ಅರಿತುಕೊಂಡರು. ಆ ಕಾಲದ ಬಡಗಿಗಳು ಹಲಗೆಗಳನ್ನು ಮೊದಲು ಒಂದಕ್ಕೊಂದು ಬೆಸೆದು, ಪಕ್ಕೆಗಳನ್ನು ಅನಂತರ ಒಳಗೆ ಕೂರಿಸುತ್ತಿದ್ದ ಬಗೆಯು ಅವರ ಕೈಗೆ ಅನುಭವವಾಯಿತು. ಜನರು ಆಟವೆಂದುಕೊಂಡ ಹವ್ಯಾಸವು ಕೊನೆಗೆ ಅವರನ್ನು ವಿಶ್ವವಿದ್ಯಾಲಯದ ಅಧ್ಯಾಪಕರನ್ನಾಗಿ ಮಾಡಿತು.

ಇಂಥ ಕೈಯ ಅರಿವು ನಮ್ಮ ಕಡಲ ತೀರದಲ್ಲಿಯೂ ಇದೆ. ಒಮ್ಮೆ ಕರಾವಳಿಯ ಊರೊಂದರಲ್ಲಿ ವೃದ್ಧ ಆಚಾರಿಯೊಬ್ಬರ ಮನೆಯ ಚಾವಡಿಯಲ್ಲಿ ಮೊಳಕ್ಕಿಂತ ತುಸು ಉದ್ದವಾದ ಪತ್ತೆಮಾರಿಯ ಮಾದರಿಯನ್ನು ಕಂಡೆ. ಮಂಗಳೂರಿನ ಹಂಚುಗಳನ್ನು ಹೊತ್ತು ಹಾಯಿಯ ಬಲದಿಂದಲೇ ಮುಂಬಯಿಗೆ ಹೋಗುತ್ತಿದ್ದ ಸರಕಿನ ಹಡಗು ಅದು.

“ಆಚಾರ್ರೇ, ಇದರ ನಕ್ಷೆ ಎಲ್ಲಿದೆ?” ಎಂದು ಕೇಳಿದೆ.

“ನಕ್ಷೆ ಎಂಥದು ಮಾಸ್ತರರೇ? ನಮ್ಮ ಅಪ್ಪನ ಹತ್ತಿರ ಇರಲಿಲ್ಲ, ಅಜ್ಜನ ಹತ್ತಿರವೂ ಇರಲಿಲ್ಲ. ಕಣ್ಣು ಹೇಳಿದ ಹಾಗೆ ಕೈ ಹೋಗ್ತದೆ. ಈಗ ಅಂಥ ಹಡಗು ಕಟ್ಟಿಸುವವರಿಲ್ಲ. ಕೈ ಮರೆತುಬಿಟ್ಟೀತು ಅಂತ ಇದನ್ನು ಮಾಡಿದೆ” ಎಂದರು.

ಬಗ್ಗಿ ಒಳಗೆ ಇಣುಕಿದೆ. ಮೇಲಿನ ಹಲಗೆಯ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಕತ್ತಲೆಯಲ್ಲಿಯೂ, ಪಕ್ಕೆಗಳನ್ನು ಒಂದೊಂದಾಗಿ ಕೂರಿಸಿದ್ದರು. ಕಾಣದ ಕಡೆಗೆ ಇಷ್ಟು ಶ್ರಮವೇಕೆಂದು ಕೇಳಿದ್ದಕ್ಕೆ, “ಅದನ್ನು ಬಿಟ್ಟರೆ ಗೊಂಬೆ ಆಗ್ತದೆ, ಹಡಗು ಆಗುವುದಿಲ್ಲ” ಎಂದರು. ಮಕ್ಕಳಿಬ್ಬರೂ ಬೇರೆ ಉದ್ಯೋಗ ಹಿಡಿದು ಪಟ್ಟಣ ಸೇರಿದ್ದರು. ಮೂರು ತಲೆಮಾರಿನ ವಿದ್ಯೆಗೆ ಆ ಮನೆಯಲ್ಲಿ ಉಳಿದಿದ್ದ ವಾರಸುದಾರನೆಂದರೆ ಆ ಮಾದರಿಯೊಂದೇ.

ಅಂಥ ವಿದ್ಯೆ ಒಮ್ಮೆ ಕಳೆದುಹೋದರೆ ಮರಳಿ ಗಳಿಸುವುದು ಎಷ್ಟು ಕಷ್ಟವೆಂಬುದಕ್ಕೆ ಈಚಿನ ನಿದರ್ಶನವೊಂದಿದೆ. ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಹಡಗು ಕಟ್ಟುವುದು ಭಾರತದ ಪುರಾತನ ಪದ್ಧತಿ. ಆ ಕಾಲದ ನಕ್ಷೆಗಳು ಯಾವುವೂ ಉಳಿದಿಲ್ಲ. ಅಜಂತಾ ಗುಹೆಯ ೫ನೆಯ ಶತಮಾನದ ಚಿತ್ರವೊಂದನ್ನು ಆಧರಿಸಿ ಅಂಥ ಹಡಗನ್ನು ಮತ್ತೆ ಕಟ್ಟುವ ಕಾರ್ಯವನ್ನು ನಮ್ಮವರು ಕೈಗೊಂಡರು. ಚಿತ್ರದಲ್ಲಿದ್ದ ರೂಪವು ನೀರಿನಲ್ಲಿ ಹೇಗೆ ನಡೆದುಕೊಳ್ಳುವುದೆಂದು ತಿಳಿಯಲು ಮದ್ರಾಸ್ ಐಐಟಿಯಲ್ಲಿ ಮಾದರಿಯ ಪರೀಕ್ಷೆ ನಡೆಯಿತು. ಹಡಗನ್ನು ಹೊಲಿದವರು ಬಾಬು ಶಂಕರನ್ ಅವರ ನೇತೃತ್ವದಲ್ಲಿ ಕೇರಳದ ಕುಶಲಕರ್ಮಿಗಳು. ‘ಕೌಂಡಿನ್ಯ’ ಎಂಬ ಹೆಸರಿನ ಆ ಹಡಗು ೨೦೨೫ರ ಮೇ ೨೧ರಂದು ನಮ್ಮ ಕಾರವಾರದಲ್ಲಿ ನೌಕಾಪಡೆಯನ್ನು ಸೇರಿತು. ಹದಿನೈದು ಶತಮಾನಗಳ ಹಿಂದಿನ ಚಿತ್ರಕ್ಕೂ ಇಂದಿನ ಕಡಲಿಗೂ ನಡುವೆ ಸೇತುವೆಯಾದವು ಎರಡು: ಬಡಗಿಯ ಕೈ ಮತ್ತು ಒಂದು ಪುಟ್ಟ ಮಾದರಿ.

ಮಾದರಿಯಲ್ಲಿ ಎಲ್ಲವೂ ಇರುತ್ತದೆಂದು ನಾನು ಹೇಳಲಾರೆ. ಮೀನೆಣ್ಣೆ ಬಳಿದ ಹಲಗೆಯ ವಾಸನೆ, ಲಂಗರು ಎತ್ತುವವರ ಕೂಗು, ಬಿರುಗಾಳಿಯ ರಾತ್ರಿಯಲ್ಲಿ ಚುಕ್ಕಾಣಿ ಹಿಡಿದವನ ಎದೆಬಡಿತ ಇವೆಲ್ಲ ಗಾಜಿನ ಪೆಟ್ಟಿಗೆಯೊಳಗೆ ಬರುವುದಿಲ್ಲ. ಅವನ್ನು ನೋಡುವವನೇ ತನ್ನ ಕಲ್ಪನೆಯಿಂದ ತುಂಬಿಕೊಳ್ಳಬೇಕು. ಆದರೆ ಕಲ್ಪನೆಗೆ ನಿಲ್ಲಲು ಒಂದು ನೆಲೆ ಬೇಕು. ಆ ನೆಲೆಯನ್ನು ಮಾದರಿಯು ಒದಗಿಸುತ್ತದೆ.

ನಿಮ್ಮ ಊರಿನ ಹೊಳೆಯಲ್ಲಿ ಹರಿಗೋಲು ಇರಬಹುದು; ಕಡಲ ತೀರದಲ್ಲಿ ಹಳೆಯ ದೋಣಿಯೊಂದು ಮಗುಚಿ ಬಿದ್ದಿರಬಹುದು. ಒಂದು ದಿನ ದಾರವನ್ನೂ ಅಳತೆಪಟ್ಟಿಯನ್ನೂ ಹಿಡಿದು ಅದರ ಬಳಿಗೆ ಹೋಗಿ. ಉದ್ದ, ಅಗಲ, ಆಳಗಳನ್ನು ಅಳೆದು ಬರೆದುಕೊಳ್ಳಿ. ಅದನ್ನು ಕಟ್ಟಿದವರು ಬದುಕಿದ್ದರೆ ಅವರೊಡನೆ ಕುಳಿತು ಕೇಳಿ ತಿಳಿಯಿರಿ. ಆಮೇಲೆ ಹತ್ತರಲ್ಲಿ ಒಂದು ಪ್ರಮಾಣದಲ್ಲಿ, ಬಿದಿರೋ ಹಗುರವಾದ ಮರವೋ ದೊರೆತುದರಿಂದ, ಅದರ ಮಾದರಿಯನ್ನು ಮಾಡಿ. ಮೊದಲನೆಯದು ಸೊಟ್ಟಗಾದರೆ ಚಿಂತೆಯಿಲ್ಲ. ಎರಡನೆಯದನ್ನು ಮಾಡುವಾಗ ಅದು ಏಕೆ ಸೊಟ್ಟಗಾಯಿತೆಂದು ನಿಮ್ಮ ಕೈಗೆ ಗೊತ್ತಿರುತ್ತದೆ.