ರಂಗನತಿಟ್ಟಿನ ದೋಣಿಯಲ್ಲಿ

ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿದೆ. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅಲ್ಲಿ ಹಕ್ಕಿಗಳಿಗಿಂತ ಹೆಚ್ಚು ಗದ್ದಲ ಮಾಡಿದವರು ದೋಣಿಯಲ್ಲಿದ್ದ ಹವ್ಯಾಸಿ ಛಾಯಾಗ್ರಾಹಕರು!

“ನಮ್ಮ ಕಾಲದಲ್ಲಿ ರೋಲಿಗೆ 36 ಚಿತ್ರ. ಒಂದೊಂದಕ್ಕೂ ಉಸಿರು ಬಿಗಿಹಿಡಿಯುತ್ತಿದ್ದೆವು” ಎಂದರು ಹಿರಿಯರು.

“ಅಷ್ಟರಲ್ಲಿ ಹಕ್ಕಿ ಹಾರಿ ಬರಿಯ ಕೊಂಬೆ ಉಳಿಯುತ್ತಿತ್ತೇನು, ಸಾರ್?” ಎಂದನು ತರುಣ.

ದೋಣಿಯೆಲ್ಲ ನಗು. ಲೆನ್ಸಿನ ಉದ್ದ, ಅದರ ಬೆಲೆ, ಮನೆಯಾಕೆಗೆ ಹೇಳಿದ ಬೆಲೆ—ಚರ್ಚೆಗೆ ಕೊನೆಯೇ ಇಲ್ಲ. ಬಣ್ಣದ ಕೊಕ್ಕರೆಯ ಗೂಡು ಕಂಡೊಡನೆ ಮಾತ್ರ ಎಲ್ಲರದೂ ಒಂದೇ ಬೇಡಿಕೆ: “ಇನ್ನೂ ಸ್ವಲ್ಪ ಹತ್ತಿರಕ್ಕೆ ಹೋಗಪ್ಪ!”

ಅಂಬಿಗನು ಹುಟ್ಟನ್ನು ಮೇಲೆತ್ತಿದನು. “ಆಗೋದಿಲ್ಲ ಸ್ವಾಮಿ. ತಾಯಿ ಎದ್ದರೆ ಮರಿಗಳಿಗೆ ಬಿಸಿಲು. ಕಾಗೆ ಬೇರೆ ಕಾದು ಕೂತಿದೆ.”

ಕೊಕ್ಕರೆಯು ರೆಕ್ಕೆಗಳನ್ನರಳಿಸಿ ಮರಿಗಳಿಗೆ ನೆರಳಾಗಿ ನಿಂತಿತ್ತು. ಚಿತ್ರಗಳನ್ನು ದೂರದಿಂದಲೇ ತೆಗೆದರು. ಲೆನ್ಸಿನ ಜಗಳ ದಡ ಮುಟ್ಟುವವರೆಗೂ ಮುಗಿಯಲಿಲ್ಲ.